ನಾಗಾವಿಯಿಂದ ಜ್ಞಾನಗಂಗೆಗೆ: ಕಾಗಿಣಾ ಸೀಮೆಯ ಪರಂಪರೆಯನ್ನು ಓದಿದ, ಹೇಳಿದ ಚರಿತ್ರೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಸಿಮೆಂಟು, ಪರ್ಸಿ ಕಲ್ಲು ಮತ್ತು ತೊಗರಿ. ತಪ್ಪೇನಲ್ಲ, ಈ ಸೀಮೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಇವುಗಳಿಂದಲೇ. ಆದರೆ ಈ ಸಂಚಿಕೆಯ ಸಂಪಾದಕರು ನನಗೆ ಒಪ್ಪಿಸಿದ ವಿಷಯ ಬೇರೆ. ಸಾಂಸ್ಕೃತಿಕ ಪರಂಪರೆಯನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದುವ, ಓದಿದ್ದನ್ನು ಜನರಿಗೆ ಮುಟ್ಟಿಸುವ ಕೆಲಸ ನಮ್ಮ ಕಡೆ ಹೇಗೆ ನಡೆದುಬಂತು ಎಂದು ಬರೆಯಬೇಕು. ಒಂದು ವಿಭಾಗದ ಆರಂಭೋತ್ಸವ, ಮುಖ್ಯಸ್ಥರ ಹೆಸರು, ಪಾಸಾದವರ ಸಂಖ್ಯೆ ಇಷ್ಟನ್ನು ಬರೆದು ಮುಗಿಸಬಹುದಿತ್ತು. ಹಾಗೆ ಮಾಡಿದರೆ ಮುಖ್ಯ ಮಾತು ತಪ್ಪಿಹೋಗುತ್ತದೆ. ಓದುವ ಕೆಲಸಕ್ಕೆ ಇಲ್ಲಿ ಸಂಸ್ಥೆಗಳು ಒಂದರ ಹಿಂದೊಂದು ಹುಟ್ಟಿದವು. ಹೇಳುವ ಕೆಲಸವನ್ನು ಕಲಿಸಲಿಕ್ಕೆ ಮಾತ್ರ ಯಾರೂ ಒಂದು ತರಗತಿ ತೆರೆಯಲಿಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ.

ಶುರು ಮಾಡಬೇಕಾದದ್ದು ಚಿತ್ತಾಪುರದ ಮಗ್ಗುಲಿನ ನಾಗಾವಿಯಿಂದ. ಇವತ್ತು ಜನ ಅಲ್ಲಿಗೆ ಹೋಗುವುದು ಯಲ್ಲಮ್ಮನ ಜಾತ್ರೆಗೆ. ಅರವತ್ತು ಕಂಬದ ಗುಡಿಯ ಕಡೆ ಹೊರಳುವವರು ಕಡಿಮೆ. ಹನ್ನೊಂದನೆಯ ಶತಮಾನದಲ್ಲಿ ಅದೇ ಜಾಗದಲ್ಲಿ ಒಂದು ಘಟಿಕಾಸ್ಥಾನವಿತ್ತು. ಕಲ್ಯಾಣ ಚಾಲುಕ್ಯರ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕ ಮಧುಸೂದನ ಅದನ್ನು ಕಟ್ಟಿಸಿ ದತ್ತಿ ಬಿಟ್ಟದ್ದನ್ನು 1058ರ ಶಾಸನ ಹೇಳುತ್ತದೆ. ವೇದಾಭ್ಯಾಸಕ್ಕೆ 200 ವಿದ್ಯಾರ್ಥಿಗಳು, ಶಾಸ್ತ್ರಾಭ್ಯಾಸಕ್ಕೆ ಐವತ್ತರ ಸುಮಾರು. ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು. ಶಾಸ್ತ್ರವೆಂದರೆ ಭಟ್ಟದರ್ಶನ, ನ್ಯಾಸ, ಪ್ರಾಭಾಕರ, ಅಂದರೆ ಮೀಮಾಂಸೆಯ ಎರಡು ಪಂಥಗಳು ಮತ್ತು ವ್ಯಾಕರಣ. ಇನ್ನೂರು ಮಂದಿ ಕಂಠಪಾಠ ಮಾಡುವವರ ನಡುವೆ ಐವತ್ತು ಮಂದಿ ತರ್ಕ ಮಾಡುವವರು. ಇಂದಿನ ಲೆಕ್ಕದಲ್ಲಿ ಈ ಐವತ್ತು ಮಂದಿಯದು ಸ್ನಾತಕೋತ್ತರ ತರಗತಿಯೇ.

ನನಗೆ ಆ ಶಾಸನದಲ್ಲಿ ಹೆಚ್ಚು ಹಿಡಿಸಿದ್ದು ಬೇರೊಂದು ವಿವರ. ಉಪಾಧ್ಯಾಯರಲ್ಲದೆ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ಅದರಲ್ಲಿ ಜೀವನಕ್ಕೆ ವ್ಯವಸ್ಥೆಯಿದೆ. ಆರು ಜನ ಪಾಠ ಹೇಳುವವರು, ಆರು ಜನ ತಾಳೆಗರಿ ಕಾಯುವವರು! ಗರಿಗೆ ಎಣ್ಣೆ ಸವರುವುದು, ಹುಳ ಬಿದ್ದದ್ದನ್ನು ಬೇರ್ಪಡಿಸುವುದು, ಸವೆದದ್ದನ್ನು ಹೊಸ ಗರಿಗೆ ಇಳಿಸುವುದು, ಕೇಳಿದವರಿಗೆ ಹುಡುಕಿ ಕೊಡುವುದು, ಇದೆಲ್ಲ ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ ಎಂದು ಆ ದಂಡನಾಯಕನಿಗೆ ಗೊತ್ತಿತ್ತು. ಇಂದಿನ ಯಾವ ಕಾಲೇಜಿನಲ್ಲಿ ಪ್ರಾಧ್ಯಾಪಕರಷ್ಟೇ ಸಂಖ್ಯೆಯ ಗ್ರಂಥಪಾಲಕರಿದ್ದಾರೆ? ನೇಮಕಾತಿ ನಡೆಯದೆ ಬೀಗ ಬಿದ್ದಿರುವ ಗ್ರಂಥಾಲಯಗಳನ್ನು ನೋಡಿದವರಿಗೆ ಈ ಪ್ರಶ್ನೆ ಚುಚ್ಚಬೇಕು. ಆದರೂ ಅದನ್ನು ಸುವರ್ಣಯುಗವೆಂದು ಹೊಗಳುವುದು ಬೇಡ. ಘಟಿಕಾಸ್ಥಾನದ ಬಾಗಿಲು ತೆರೆದಿದ್ದದ್ದು ಕೆಲವರಿಗೆ ಮಾತ್ರ. ಗಾಣ ಆಡಿಸುವವನ ಮಗ, ಕಲ್ಲು ಒಡೆಯುವವಳ ಮಗಳು ಅಲ್ಲಿ ಕಾಲಿಡುವಂತಿರಲಿಲ್ಲ. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಎಂ.ಎ. ತರಗತಿಗೆ ಬರಲಿಕ್ಕೆ ಒಂಬತ್ತು ನೂರು ವರ್ಷ ಹಿಡಿಯಿತು. ಶಹಾಬಾದಿನ ಸಮೀಪದ ಶಂಕರವಾಡಿಯಲ್ಲಿ ಹುಟ್ಟಿದ ಚೆನ್ನಣ್ಣ ವಾಲೀಕಾರರು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಪಾಠ ಹೇಳಲು ನಿಂತದ್ದು ಈ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ.

ಮಳಖೇಡದ ಮಾತು ಇಲ್ಲಿ ಚಿಕ್ಕದಾಗಿಯೇ ಬರಲಿ. ನೃಪತುಂಗನ ಹೆಸರೆತ್ತದೆ ನಮ್ಮ ಭಾಗದಲ್ಲಿ ಯಾವ ಸಮಾರಂಭವೂ ಆರಂಭವಾಗುವುದಿಲ್ಲ, ಹೀಗಾಗಿ ಓದುಗರಿಗೆ ಅದು ಹೊಸದಲ್ಲ. ಒಂದನ್ನಷ್ಟೇ ಸೇರಿಸುತ್ತೇನೆ. ಮಾನ್ಯಖೇಟದಲ್ಲಿ, ಅಂದರೆ ಅಂದಿನ ಮಳಖೇಡದಲ್ಲಿ, ಕನ್ನಡದ ಶ್ರೀವಿಜಯ, ಸಂಸ್ಕೃತದ ಜಿನಸೇನ ಮತ್ತು ಗಣಿತಜ್ಞ ಮಹಾವೀರಾಚಾರ್ಯರ ಕಾಲದ ನಂತರವೂ ಬರವಣಿಗೆ ನಿಲ್ಲಲಿಲ್ಲ. ಹತ್ತನೆಯ ಶತಮಾನದಲ್ಲಿ ಪುಷ್ಪದಂತ ತನ್ನ ಮಹಾಪುರಾಣವನ್ನು ಅಪಭ್ರಂಶದಲ್ಲಿ ಬರೆದದ್ದೂ ಇಲ್ಲಿಯೇ. 972ರಲ್ಲಿ ಪರಮಾರ ಸೀಯಕನ ಸೈನ್ಯ ಊರನ್ನು ಸೂರೆಗೊಂಡಿತು. ಕಾಗಿಣಾ ದಂಡೆಯ ಕೋಟೆ ಉಳಿಯಿತು, ನೇಮಿನಾಥ ಬಸದಿ ಉಳಿಯಿತು. ಅಷ್ಟು ಭಾಷೆಗಳಲ್ಲಿ ಬರೆದವರು ಕೂತ ಜಾಗ ಯಾವುದೆಂದು ತೋರಿಸುವ ಗುರುತು ಉಳಿಯಲಿಲ್ಲ.

ಇನ್ನು ನಿಜಾಮರ ಕಾಲಕ್ಕೆ ಬರೋಣ. ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿದ್ದು 1874ರಲ್ಲಿ. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಮೂರೂ ಆ ದಾರಿಯ ಮೇಲಿದ್ದವು. ಆದರೆ ಶಾಸನಗಳನ್ನು ಹುಡುಕಿಕೊಂಡು ಆ ರೈಲಿನಿಂದ ಇಳಿಯುವವರು ಬರಲು ಇನ್ನೂ ನಾಲ್ಕು ದಶಕ ಬೇಕಾಯಿತು. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ಹುಟ್ಟಿದ್ದು 1914ರಲ್ಲಿ, ಅದರ ಮೊದಲ ನಿರ್ದೇಶಕರು ಗುಲಾಂ ಯಜ್ದಾನಿ. ಮರುವರ್ಷವೇ ಮಸ್ಕಿಯಲ್ಲಿ ಅಶೋಕನ ಹೆಸರಿದ್ದ ಶಾಸನ ಸಿಕ್ಕಿತು; ಇಲಾಖೆಯ ಪುರಾತತ್ವ ಮಾಲೆಯ ಮೊದಲ ಪುಸ್ತಕವೇ ಅದರ ಮೇಲಿನದು. ನಾಗಾವಿಯ ಶಾಸನಗಳು ಅದೇ ಮಾಲೆಯ ಎಂಟನೆಯ ಪುಸ್ತಕವಾಗಿ 1928ರಲ್ಲಿ ಅಚ್ಚಾದವು, ಸಂಪಾದಕರು ಸಿ.ಆರ್. ಕೃಷ್ಣಮಾಚಾರ್ಲು.

ಅದೇ 1928ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು, ಅಧ್ಯಕ್ಷರು ಬಿ.ಎಂ. ಶ್ರೀಕಂಠಯ್ಯ. ಸರಕಾರಿ ಭಾಷೆ ಉರ್ದು, ಶಾಲೆಯ ಮಾಧ್ಯಮ ಉರ್ದು ಇದ್ದ ಸಂಸ್ಥಾನದಲ್ಲಿ ಕನ್ನಡಿಗರು ಒಂದೆಡೆ ಸೇರಿದರೆಂಬುದೇ ಆಗ ದೊಡ್ಡ ಮಾತು. ಆ ವರ್ಷ ನಾಗಾವಿಯ ವಿದ್ಯಾಲಯದ ಪೂರ್ಣ ವಿವರ ಅಚ್ಚಾಗಿ ಬಂತು, ಇಂಗ್ಲಿಷ್ ಟಿಪ್ಪಣಿಗಳೊಂದಿಗೆ. ಅದೇ ವರ್ಷ ಅಷ್ಟೊಂದು ಕನ್ನಡಿಗರು ಕಲಬುರಗಿಯಲ್ಲಿ ಕೂಡಿದ್ದರು. ಆದರೂ ಪುಸ್ತಕ ವಿದ್ವಾಂಸರ ಕಪಾಟಿಗೆ ಹೋಯಿತು, ಚಿತ್ತಾಪುರದ ಹುಡುಗರಿಗೆ ಮುಟ್ಟಲಿಲ್ಲ. ಬಿ.ಎಂ.ಶ್ರೀ. ಅವರ ಮೈಸೂರಿನಲ್ಲಿ ಮುಂದಿನ ದಶಕದಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಭಾಷಣ ಮಾಡುವ, ಆ ಭಾಷಣಗಳನ್ನು ಕಡಿಮೆ ಬೆಲೆಯ ಸಣ್ಣ ಪುಸ್ತಕಗಳಾಗಿ ಅಚ್ಚು ಹಾಕುವ ಪ್ರಚಾರೋಪನ್ಯಾಸ ಮಾಲೆ ಹುಟ್ಟಿತು. ಕನ್ನಡ ನಾಡಿನಲ್ಲಿ ವಿದ್ವತ್ತನ್ನು ಜನರ ಬಳಿಗೆ ಒಯ್ಯಲೆಂದೇ ಒಂದು ವಿಶ್ವವಿದ್ಯಾಲಯ ಮಾಡಿದ ವ್ಯವಸ್ಥೆ ಅದು. ನಮ್ಮ ಭಾಗಕ್ಕೆ ಅದರ ಗಾಳಿ ಬೀಸಲು ಏಕೀಕರಣ ಆಗಬೇಕಾಯಿತು.

1956ರ ನಂತರ ನಾವು ಧಾರವಾಡದ ಕಡೆ ಮುಖ ಮಾಡಿದೆವು. ಅಲ್ಲಿ 1939ರಲ್ಲೇ ಆರಂಭವಾಗಿದ್ದ ಕನ್ನಡ ಸಂಶೋಧನ ಸಂಸ್ಥೆಯಿತ್ತು, ಕರ್ನಾಟಕ ವಿಶ್ವವಿದ್ಯಾಲಯವಿತ್ತು. ಪಿ.ಬಿ. ದೇಸಾಯಿ ಅವರು ಸೇಡಂ, ಮಳಖೇಡ, ಅಡಕಿ ಮೊದಲಾದ ಊರುಗಳ ಜೈನ ಶಾಸನಗಳನ್ನು ಓದಿ 1957ರಲ್ಲಿ ಪ್ರಕಟಿಸಿದರು. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳ ಸಂಪುಟವನ್ನು ಅವರೇ 1958ರಲ್ಲಿ ಹೊರತಂದರು. ಸೇಡಂ ಇಂದು ಜಿಲ್ಲೆಯ ಒಂದು ತಾಲೂಕು ಕೇಂದ್ರ. ಹನ್ನೆರಡನೆಯ ಶತಮಾನದಲ್ಲಿ ಅದು ದೊಡ್ಡ ಜೈನ ಕೇಂದ್ರವೂ ವ್ಯಾಪಾರದ ಊರೂ ಆಗಿತ್ತೆಂಬುದು ವಿದ್ವಾಂಸರಿಗೆ ಖಚಿತವಾದದ್ದು ಆ ಪುಟಗಳಿಂದ. ಅವು ಕೂಡ ಇಂಗ್ಲಿಷಿನಲ್ಲೇ ಇದ್ದವು. ಜಿಲ್ಲೆಯ ಶಾಸನಗಳನ್ನು ಕನ್ನಡದಲ್ಲಿ ಸಂಪಾದಿಸಿ ಕೈಗೆ ಕೊಟ್ಟ ಹನುಮಾಕ್ಷಿ ಗೋಗಿ ಅವರಂಥವರ ಕೆಲಸ ಬಂದದ್ದು ಎಷ್ಟೋ ವರ್ಷಗಳ ಮೇಲೆ.

ದೇಸಾಯಿಯವರ ಗ್ರಂಥ ಬಂದ 1957ರಲ್ಲೇ ಅಮೆರಿಕದಲ್ಲಿ ಫ್ರೀಮನ್ ಟಿಲ್ಡನ್ ಎಂಬ ಪತ್ರಕರ್ತ ಅಲ್ಲಿನ ರಾಷ್ಟ್ರೀಯ ಉದ್ಯಾನಗಳಿಗಾಗಿ ಒಂದು ಪುಸ್ತಕ ಬರೆದ. ನೋಡಲು ಬಂದವನಿಗೆ ಬರೀ ಮಾಹಿತಿ ಸುರಿದರೆ ಪರಂಪರೆ ಅರ್ಥವಾಗುವುದಿಲ್ಲ, ಅವನ ಬದುಕಿಗೆ ತಾಗುವಂತೆ ಬಿಡಿಸಿ ಹೇಳಬೇಕು, ಅದೊಂದು ಕಲಿಯಬಹುದಾದ ಕಲೆ ಎಂಬುದು ಆ ಪುಸ್ತಕದ ಸಾರ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯ 1966ರಲ್ಲಿ ವಸ್ತುಸಂಗ್ರಹಾಲಯ ಅಧ್ಯಯನದ ವಿಭಾಗ ತೆರೆಯಿತು. ನಮ್ಮ ದೇಶದ ಬರೋಡಾ ಅದಕ್ಕೂ ಮುಂಚೆ, 1952ರಲ್ಲೇ, ಆ ವಿದ್ಯೆಗೆ ಸ್ನಾತಕೋತ್ತರ ಪಾಠ ಶುರುಮಾಡಿತ್ತು. ಅಂದರೆ ಶಾಸನ ಓದುವುದು ಒಂದು ವಿದ್ಯೆಯಾದರೆ ಅದನ್ನು ಹೇಳುವುದು ಇನ್ನೊಂದು ವಿದ್ಯೆ ಎಂಬ ತಿಳಿವಳಿಕೆ ಆಗಲೇ ಮೂಡಿತ್ತು. ನಮ್ಮ ಭಾಗದ ಪಠ್ಯಕ್ರಮಕ್ಕೆ ಮಾತ್ರ ಅದು ಇಳಿಯಲಿಲ್ಲ.

ಇಳಿಯದಿದ್ದರೂ ಧಾರವಾಡದಿಂದ ಒಂದು ಒಳ್ಳೆಯ ರೂಢಿ ಬಂತು. ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗದ ಚುಕ್ಕಾಣಿ ಕವಿ ಚೆನ್ನವೀರ ಕಣವಿಯವರ ಕೈಯಲ್ಲಿ ದಶಕಗಳ ಕಾಲ ಇತ್ತು. ಪ್ರಾಧ್ಯಾಪಕರನ್ನು ಸಣ್ಣ ಊರುಗಳಿಗೆ ಕರೆದೊಯ್ದು ಉಪನ್ಯಾಸ ಕೊಡಿಸುವುದು, ಅದನ್ನೇ ಕಿರುಹೊತ್ತಿಗೆಯಾಗಿ ಅಚ್ಚು ಹಾಕಿಸುವುದು ಅಲ್ಲಿನ ಪದ್ಧತಿ. ಅಂಗೈಯಗಲದ ಆ ಹೊತ್ತಿಗೆಗಳು ಉತ್ತರ ಕರ್ನಾಟಕದ ಎಷ್ಟೋ ಶಾಲಾ ಮಾಸ್ತರರ ಟ್ರಂಕಿನಲ್ಲಿ ಇರುತ್ತಿದ್ದವು. ಶಾಸನ, ಶಿಲ್ಪ, ಜಾನಪದ, ವಚನ ಎಲ್ಲದರ ಮೇಲೂ ಬರೆಸಿದ್ದರು. ಹಳ್ಳಿಯಲ್ಲಿ ಮಾತಾಡಬೇಕೆಂದು ಗೊತ್ತಿದ್ದ ಪ್ರಾಧ್ಯಾಪಕ ಬರವಣಿಗೆಯ ಬಿಗಿಯನ್ನು ತಾನೇ ಸಡಿಲಿಸುತ್ತಿದ್ದ. ತರಬೇತಿ ಎಂದರೆ ಅಷ್ಟೇ, ಎದುರು ಕೂತ ಜನ ಕೊಡುತ್ತಿದ್ದ ತರಬೇತಿ.

ಕಲಬುರಗಿಯಲ್ಲಿ ಧಾರವಾಡದ ಸ್ನಾತಕೋತ್ತರ ಕೇಂದ್ರ ತೆರೆದದ್ದು 1970ರಲ್ಲಿ. ಅದುವರೆಗೆ ಸೇಡಮ್ಮಿನ ಹುಡುಗ ಎಂ.ಎ. ಓದಬೇಕೆಂದರೆ ಹೈದರಾಬಾದಿಗೋ ಧಾರವಾಡಕ್ಕೋ ಗಂಟುಮೂಟೆ ಕಟ್ಟಬೇಕಿತ್ತು. ಹತ್ತು ವರ್ಷದ ಮೇಲೆ, 1980ರಲ್ಲಿ, ಅದೇ ಕೇಂದ್ರ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಸೇಡಂ ರಸ್ತೆಯ ಆ ಆವರಣಕ್ಕೆ ಜ್ಞಾನಗಂಗಾ ಎಂದು ಹೆಸರು. ನಮ್ಮ ಐದು ಊರಿನ ಮಕ್ಕಳ ದಾರಿ ಗೊತ್ತಾದದ್ದೇ: ಸೇಡಂ, ಚಿತ್ತಾಪುರದವರು ಪ್ಯಾಸೆಂಜರಿನಲ್ಲಿ ವಾಡಿ ಜಂಕ್ಷನ್ನಿಗೆ ಬಂದು ಗಾಡಿ ಬದಲಿಸುವುದು, ಶಹಾಬಾದದವರು ಮುಂದೆ ಹತ್ತುವುದು, ರೈಲಿಲ್ಲದ ಚಿಂಚೋಳಿಯವರು ಕೆಂಪು ಬಸ್ಸಿನಲ್ಲಿ ಧೂಳು ಕುಡಿಯುತ್ತ ಬರುವುದು. ಮನೆತನದಲ್ಲಿ ಮೊದಲು ಅಕ್ಷರ ಕಲಿತವರೇ ಹೆಚ್ಚು. ತಾಂಡಾದಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು, ಗಡಿಯಲ್ಲಿ ತೆಲುಗು, ತರಗತಿಯಲ್ಲಿ ಕನ್ನಡ. ನಾಲ್ಕು ಭಾಷೆ ಬಲ್ಲ ಇಂಥ ವಿದ್ಯಾರ್ಥಿ ಪರಂಪರೆಯನ್ನು ಜನರಿಗೆ ದಾಟಿಸಲು ಎಷ್ಟು ಯೋಗ್ಯನೆಂದು ಆಗ ಯಾರೂ ಲೆಕ್ಕ ಹಾಕಲಿಲ್ಲ.

ಲೆಕ್ಕ ಹಾಕಬೇಕಿತ್ತು, ಏಕೆಂದರೆ ಸಂವಹನದ ಸಲಕರಣೆ ನಮ್ಮ ಜಿಲ್ಲೆಗೆ ಬೇರೆಯವರಿಗಿಂತ ಮೊದಲೇ ಬಂದಿತ್ತು. ಕಲಬುರಗಿ ಆಕಾಶವಾಣಿ 1966ರದು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ದೂರದರ್ಶನದ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿಕೊಂಡದ್ದು ಕಲಬುರಗಿ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಬೆಂಗಳೂರಿನ ಮನೆಗಳಲ್ಲಿ ಟಿ.ವಿ. ಇಲ್ಲದ ಕಾಲ ಅದು. ಆಗ ಇಲ್ಲಿನ ಶಾಲೆಯ ಅಂಗಳದಲ್ಲಿ ಕೋಳಿಗೂಡಿನ ತಂತಿಬಲೆಯಂಥ ದೊಡ್ಡ ತಟ್ಟೆ ಆಕಾಶಕ್ಕೆ ಮುಖಮಾಡಿ ನಿಂತಿತು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ, ವಿಷಯ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಆ ಪ್ರಯೋಗದ ಮುಂದುವರಿಕೆಯಾಗಿ 1977ರಲ್ಲಿ ಕಲಬುರಗಿಗೆ ದೂರದರ್ಶನ ಪ್ರಸಾರ ಕೇಂದ್ರವೂ ಬಂತು. ರೇಡಿಯೋ, ಟಿ.ವಿ., ವಿಶ್ವವಿದ್ಯಾಲಯ ಮೂರೂ ಒಂದೇ ಊರಿನಲ್ಲಿದ್ದೂ, ಒಂದು ಜಿಲ್ಲೆಯ ಪರಂಪರೆಯನ್ನು ಆ ಜಿಲ್ಲೆಯ ಮಾತಿನಲ್ಲೇ ಹೇಳುವ ವಿದ್ಯೆ ಅಲ್ಲಿ ಒಂದು ಪಠ್ಯವಾಗಿ ಬೆಳೆಯಲಿಲ್ಲ. ಅವಕಾಶ ಕೈತಪ್ಪಿತು ಎನ್ನಲು ನನಗೆ ಸಂಕೋಚವಿಲ್ಲ.

ಅಷ್ಟರಲ್ಲಿ ಸನ್ನತಿ ಎದ್ದುಬಂತು. ಭೀಮೆಯ ದಂಡೆಯ ಈ ಊರಿನ ಬೌದ್ಧ ಅವಶೇಷಗಳನ್ನು 1950ರ ದಶಕದಲ್ಲೇ ಕಪಟರಾಳ ಕೃಷ್ಣರಾಯರು ಗುರುತಿಸಿ ಬರೆದಿದ್ದರು. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿ ಒಡೆಯಿತು, ಕೆಳಗಿನ ಪೀಠ ಬಯಲಾಯಿತು. ಆ ಪೀಠದ ಕಲ್ಲೇ ಅಶೋಕನ ಶಾಸನ! ಮೂರ್ತಿಯನ್ನು ಕೂಡಿಸಲು ಎಂದೋ ಯಾರೋ ಕಲ್ಲಿನ ನಡುವೆ ಕೊರೆದ ಕುಳಿ ಅಕ್ಷರಗಳನ್ನು ನುಂಗಿತ್ತು. ಉಳಿದದ್ದನ್ನು ಕೆ.ವಿ. ರಮೇಶ್ ಮೊದಲಾದ ವಿದ್ವಾಂಸರು ಓದಿದರು. ಒಂದು ಮುಖದಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆ ಶಾಸನ, ಇನ್ನೊಂದರಲ್ಲಿ ಧೌಲಿ, ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನ.

ಸಂವಹನ ಕಲಿಸುವವರು ಈ ನಾಲ್ಕನ್ನು ಒಟ್ಟಿಗೆ ಇಟ್ಟು ನೋಡಬೇಕು. ಹನ್ನೆರಡನೆಯದು ಮಾತಿನ ಸಂಯಮದ ಬಗ್ಗೆ: ತನ್ನ ಪಂಥವನ್ನು ಹೊಗಳುವ ಭರದಲ್ಲಿ ಇನ್ನೊಂದನ್ನು ಹಳಿಯಬಾರದು, ಬೇರೆಯವರ ಧರ್ಮವನ್ನೂ ಕೇಳಬೇಕು ಎಂಬ ಆಶಯ. ಹದಿನಾಲ್ಕನೆಯದು ಬರವಣಿಗೆಯ ಬಗ್ಗೆ: ಕೆಲವೆಡೆ ಸಂಕ್ಷೇಪವಾಗಿ, ಕೆಲವೆಡೆ ಮಧ್ಯಮವಾಗಿ, ಕೆಲವೆಡೆ ವಿಸ್ತಾರವಾಗಿ ಬರೆಸಿದ್ದೇನೆ, ಎಲ್ಲ ಕಡೆ ಎಲ್ಲವೂ ಹೊಂದುವುದಿಲ್ಲ, ಇಂಪಾದದ್ದನ್ನು ಜನ ನಡೆಸಲೆಂದು ಮತ್ತೆ ಮತ್ತೆ ಹೇಳಿದ್ದೇನೆ, ಲಿಪಿಕಾರನ ತಪ್ಪಿನಿಂದ ಅಪೂರ್ಣವಾದದ್ದೂ ಇರಬಹುದು ಎಂದು ರಾಜನೇ ಒಪ್ಪಿಕೊಳ್ಳುತ್ತಾನೆ. ಪ್ರತ್ಯೇಕ ಶಾಸನಗಳು ಓದಿ ಕೇಳಿಸುವ ಬಗ್ಗೆ: ತಿಷ್ಯ ನಕ್ಷತ್ರದ ದಿನ ಎಲ್ಲರಿಗೂ ಓದಿ ಹೇಳಬೇಕು, ನಡುನಡುವೆ ಸಮಯ ಬಂದಾಗ ಒಬ್ಬನೇ ಇದ್ದರೂ ಅವನಿಗೆ ಕೇಳಿಸಬೇಕು. ಯಾರಿಗೆ, ಎಷ್ಟು, ಯಾವ ದಿನ, ಯಾರ ಬಾಯಿಂದ ಎಂಬ ಪ್ರಶ್ನೆಗಳನ್ನು ಎರಡು ಸಾವಿರದ ಇನ್ನೂರು ವರ್ಷದ ಹಿಂದೆಯೇ ಕೇಳಿಕೊಂಡಿದ್ದ ಕಲ್ಲು ಚಿತ್ತಾಪುರ ತಾಲೂಕಿನಲ್ಲಿದೆ. ವಿದೇಶಿ ಸಂವಹನ ಸಿದ್ಧಾಂತಗಳ ಹೆಸರು ಬಾಯಿಪಾಠ ಮಾಡಿಸುವ ನಮ್ಮ ಪತ್ರಿಕೋದ್ಯಮ ತರಗತಿಗಳಲ್ಲಿ ಈ ಕಲ್ಲಿಗೆ ಒಂದು ಗಂಟೆಯ ಪಾಠವನ್ನಾದರೂ ಇಡಬಹುದಲ್ಲ?

ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಕೆ.ಪಿ. ಪೂಣಚ್ಚ ಅವರ ನೇತೃತ್ವದ ಉತ್ಖನನ ಮಹಾಸ್ತೂಪವನ್ನು ಹೊರತೆಗೆಯಿತು. ಸ್ತೂಪಕ್ಕೆ ಹೊದಿಸಿದ್ದು ಇಲ್ಲಿಯದೇ ಸುಣ್ಣದ ಕಲ್ಲು; ನಮ್ಮ ಮನೆಗಳ ಪರ್ಸಿಯ ಬಂಧುವೇ. ಶಿಲ್ಪಪಟ್ಟಿಕೆಗಳ ಮೇಲೆ ಬ್ರಾಹ್ಮಿ ಅಕ್ಷರದಲ್ಲಿ ಹೆಸರು ಕೊರೆದಿದ್ದಾರೆ. ಇದು ಇಂಥ ಜಾತಕ ಕಥೆ, ಇವನು ಇಂಥ ಶಾತವಾಹನ ಅರಸ ಎಂದು. ರಾಣಿ, ಚಾಮರ ಹಿಡಿದವಳು, ಕೊಡೆ ಹಿಡಿದವಳ ನಡುವೆ ನಿಂತವನ ಜೊತೆ ‘ರಾಯ ಅಸೋಕೋ’ ಎಂಬ ಬರಹವಿದೆ. ಅಶೋಕನೆಂದು ಹೆಸರು ಹೇಳಿಯೇ ಕೆತ್ತಿದ ಚಿತ್ರ ಇದೆಂದು ಲೋಕಕ್ಕೆ ಗೊತ್ತಾದದ್ದು ಆ ಎರಡು ಪದಗಳಿಂದ. ಅಂದಿನ ಕಲ್ಲುಕುಟಿಗರು ಚಿತ್ರ ಕೆತ್ತಿ ಕೈತೊಳೆದುಕೊಳ್ಳಲಿಲ್ಲ, ಮುಂದೆ ಬರುವವನಿಗೆ ತಿಳಿಯಲೆಂದು ಹೆಸರನ್ನೂ ಬರೆದರು. ಉತ್ಖನನದ ಪೂರ್ಣ ವರದಿ ಅಚ್ಚಾಗಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು, ಸ್ತೂಪದ ಸಂರಕ್ಷಣೆ ಕೈಗೆತ್ತಿಕೊಳ್ಳಲು ಇನ್ನೂ ಹೆಚ್ಚು. ಆ ನಡುವಿನ ಕಾಲದಲ್ಲಿ ಕನಗನಹಳ್ಳಿಯ ಜನರಿಗೆ ತಮ್ಮ ಹೊಲದ ಕೆಳಗಿದ್ದುದು ಏನೆಂದು ಹೇಳಿದವರು ಪತ್ರಿಕೆಯವರು ಮತ್ತು ಶಾಲೆಯ ಮಾಸ್ತರರು, ಅವರವರಿಗೆ ತಿಳಿದಷ್ಟು.

ಓದುವುದಕ್ಕೂ ಹೇಳುವುದಕ್ಕೂ ನಡುವಿನ ಈ ಅಂತರ ಹೇಗೆ ಕಾಣುತ್ತದೆಂದು ಒಂದು ಕ್ಷೇತ್ರಕಾರ್ಯದಲ್ಲಿ ಕಣ್ಣಾರೆ ನೋಡಿದ್ದೇನೆ. ಸೇಡಂ ತಾಲೂಕಿನ ಒಂದು ಹಳ್ಳಿ, ಹಣಮಂದೇವರ ಗುಡಿಯ ಪಕ್ಕ ಒರಗಿಸಿದ ಶಾಸನ, ಎಂ.ಎ. ಕನ್ನಡದ ಮಕ್ಕಳು. ಸುಣ್ಣ, ಎಣ್ಣೆಯ ಪದರ ಹೋಗುವಂತೆ ಕಲ್ಲನ್ನು ನೀರು ಹಾಕಿ ತಿಕ್ಕಿದರು. ನೆನೆಸಿದ ಕಾಗದವನ್ನು ಗಾಳಿ ಸೇರದಂತೆ ಅಂಟಿಸಿ, ಗಡುಸು ಬ್ರಷ್ಷಿನಿಂದ ಮೆಲ್ಲಗೆ ಬಡಿಯುತ್ತ ಹೋದರು. ಕಾಗದ ಅಕ್ಷರದ ಗುಣಿಯೊಳಗೆ ಇಳಿಯಬೇಕು, ಹರಿಯಬಾರದು. ಅರೆ ಒಣಗಿದ ಮೇಲೆ ಮಸಿಯ ಉಂಡೆಯನ್ನು ಒತ್ತಿದಾಗ ಕಪ್ಪಿನ ನಡುವೆ ಬಿಳಿಯ ಅಕ್ಷರಗಳು ಎದ್ದವು. ಅಷ್ಟೊತ್ತಿಗೆ ಅರ್ಧ ಊರೇ ಸೇರಿತ್ತು. ಒಬ್ಬ ಮುದುಕರು ಮುಂದೆ ಬಂದು, “ಏನ್ ಬರ್ದದ್ರಿ ಇದ್ರಾಗ? ರೊಕ್ಕ ಎಲ್ಲಿ ಹುಗ್ಸ್ಯಾರಂತ ಬರ್ದದೇನು?” ಎಂದರು. ಪಡಿಯಚ್ಚು ತೆಗೆಯುವುದರಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಹುಡುಗ ತಡವರಿಸಿದ. ಶಕವರ್ಷ, ಸಂವತ್ಸರ, ಮಹಾಮಂಡಲೇಶ್ವರ ಎಂದು ಶುರುಮಾಡಿ ಅಲ್ಲೇ ನಿಂತ. ಪಕ್ಕದಲ್ಲಿದ್ದ ಚಿಂಚೋಳಿ ಕಡೆಯ ಹುಡುಗಿ, “ಇಲ್ಲ ಮುತ್ಯಾ, ರೊಕ್ಕದ್ದಲ್ಲ. ದೇವರ ಮುಂದಿನ ದೀಪ ಆರಬಾರದಂತ ನಿಮ್ಮೂರ ಗಾಣದವರು ಎಣ್ಣಿ ಕೊಡತೇವಂತ ಮಾತ ಕೊಟ್ಟಾರ. ಅದನ್ನ ಬರ್ಸ್ಯಾರ” ಎಂದಳು. ಮುದುಕರು ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿ, “ಗಾಣಿಗ್ಯಾರ ಓಣಿ ಈಗೂ ಅದ ನೋಡವ್ವ” ಎಂದರು. ಆಮೇಲೆ ಕಲ್ಲಿನ ಮೇಲೆ ಕೂತಿದ್ದ ಹುಡುಗರನ್ನು ಅವರೇ ಗದರಿಸಿ ಎಬ್ಬಿಸಿದರು.

ನಿಧಿಯಾಸೆಗೆ ಗುಡಿ ಅಗೆಯುವವರು ನಮ್ಮ ಕಡೆ ಕಡಿಮೆಯಿಲ್ಲ. ಕಲ್ಲಿನಲ್ಲಿ ರೊಕ್ಕದ ಸುದ್ದಿ ಇಲ್ಲ, ನಿಮ್ಮೂರಿನವರ ಮಾತಿದೆ ಎಂದು ಊರಿಗೆ ತಿಳಿದರೆ ಆ ಕಲ್ಲಿಗೆ ಬೇರೆ ಕಾವಲು ಬೇಕಾಗಿಲ್ಲ. ಆ ಹುಡುಗಿಗೆ ಆ ಬಗೆಯಲ್ಲಿ ಹೇಳಲು ಯಾರೂ ಕಲಿಸಿರಲಿಲ್ಲ, ಅದಕ್ಕೆ ಅಂಕವೂ ಇರಲಿಲ್ಲ. ಪರೀಕ್ಷೆಯಲ್ಲಿ ಹುಡುಗನೇ ಮುಂದಿದ್ದ.

ಈಗಿನ ಸ್ಥಿತಿಯನ್ನು ಬೇಗ ಹೇಳಿಬಿಡುತ್ತೇನೆ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ, 2009ರಲ್ಲಿ ನಮ್ಮ ಜಿಲ್ಲೆಗೇ ಕೇಂದ್ರೀಯ ವಿಶ್ವವಿದ್ಯಾಲಯ, 2011ರಲ್ಲಿ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಬಂದವು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜಾನಪದ ಮತ್ತು ಬುಡಕಟ್ಟು ಅಧ್ಯಯನಕ್ಕೆ ವಿಭಾಗವಿದೆ. ಜ್ಞಾನಗಂಗೆಯಲ್ಲಿ ಕನ್ನಡ, ಇತಿಹಾಸ, ಪತ್ರಿಕೋದ್ಯಮ ಎಲ್ಲಕ್ಕೂ ವಿಭಾಗಗಳಿವೆ. ವೀರಣ್ಣ ದಂಡೆ, ಜಯಶ್ರೀ ದಂಡೆ ಅವರಂಥ ಅಧ್ಯಾಪಕರು ಈ ಭಾಗದ ಸಂಸ್ಕೃತಿ, ಜಾನಪದ, ವಚನ ಸಾಹಿತ್ಯಗಳ ಮೇಲೆ ಕೆಲಸ ಮಾಡಿ ಒಂದು ಪೀಳಿಗೆಯನ್ನು ಅದಕ್ಕೆ ಹಚ್ಚಿದರು. ಸೇಡಮ್ಮಿನ ಕೊತ್ತಲ ಬಸವೇಶ್ವರ ಭಾರತೀಯ ಶಿಕ್ಷಣ ಸಮಿತಿ ತನ್ನ ಸುವರ್ಣ ಮಹೋತ್ಸವಕ್ಕೆ 2025ರ ಜನವರಿ 29ರಿಂದ ಫೆಬ್ರುವರಿ 6ರವರೆಗೆ ಭಾರತೀಯ ಸಂಸ್ಕೃತಿ ಉತ್ಸವ ನಡೆಸಿದಾಗ ಜನಸಾಗರ ಸೇರಿತ್ತು. ಕೇಳುವ ಜನ ಇಲ್ಲ ಎಂಬ ದೂರಿಗೆ ಅಲ್ಲೇ ಉತ್ತರ ಸಿಕ್ಕಿದೆ.

ಕೊರತೆ ಇರುವುದು ವಿಭಾಗಗಳ ನಡುವಿನ ಗೋಡೆಗಳಲ್ಲಿ. ಕನ್ನಡ ಎಂ.ಎ. ವಿದ್ಯಾರ್ಥಿಗೆ ಹಳಗನ್ನಡ ಬರುತ್ತದೆ, ಕ್ಯಾಮೆರಾ ಹಿಡಿಯಲು ಬಾರದು. ಇತಿಹಾಸದವನಿಗೆ ರಾಜವಂಶ ಗೊತ್ತು, ಶಾಸನದ ಭಾಷೆ ಗೊತ್ತಿಲ್ಲ. ಪತ್ರಿಕೋದ್ಯಮದವಳಿಗೆ ಎರಡು ನಿಮಿಷದಲ್ಲಿ ಸುದ್ದಿ ಹೇಳಲು ಬರುತ್ತದೆ, ಹೇಳಬೇಕಾದ ಸಂಗತಿ ಸನ್ನತಿಯಲ್ಲಿದೆ ಎಂದು ತಿಳಿಸಿದವರಿಲ್ಲ. ಕಿರುಪ್ರಬಂಧಗಳ ಕಥೆಯೂ ಹಾಗೇ. ‘ಇಂಥ ತಾಲೂಕಿನ ದೇವಾಲಯಗಳು: ಒಂದು ಅಧ್ಯಯನ’ ಎಂಬ ತಲೆಬರಹದ ನೂರಾರು ಪ್ರತಿಗಳು ಗ್ರಂಥಾಲಯದ ಮೂಲೆಯಲ್ಲಿವೆ. ಅವುಗಳಲ್ಲಿ ಈಗ ಬದುಕಿಲ್ಲದ ಹಾಡುಗಾರ್ತಿಯರ ಪದಗಳಿವೆ, ಮನೆ ಕಟ್ಟುವಾಗ ಕಾಣೆಯಾದ ಕಲ್ಲುಗಳ ವಿವರವಿದೆ. ಅಧ್ಯಯನ ಮಾಡಿಸಿಕೊಂಡ ಊರಿಗೆ ಅದರ ಒಂದು ಪ್ರತಿಯೂ ಹಿಂದಿರುಗಿಲ್ಲ. ಪ್ರಸಾರಾಂಗಗಳು ಊರೂರು ತಿರುಗುವುದನ್ನು ಬಹುಮಟ್ಟಿಗೆ ಬಿಟ್ಟು ಪುಸ್ತಕ ಮಾರಾಟದ ಮಳಿಗೆಗಳಾದವು.

ಹೊಸ ವಿಶ್ವವಿದ್ಯಾಲಯ ಬೇಡ, ಹೊಸ ಕಟ್ಟಡವೂ ಬೇಡ. ಕನ್ನಡ, ಇತಿಹಾಸ, ಪತ್ರಿಕೋದ್ಯಮ ಮೂರೂ ವಿಭಾಗದ ಮಕ್ಕಳು ಒಟ್ಟಿಗೆ ಕೂತು ಓದುವ ಒಂದು ಪಠ್ಯಪತ್ರಿಕೆ ಸಾಕು. ಅದರ ತರಗತಿ ನಾಗಾವಿಯಲ್ಲಿ, ಮಳಖೇಡದಲ್ಲಿ, ಕನಗನಹಳ್ಳಿಯಲ್ಲಿ, ಕಾಗಿಣಾ ಭೀಮೆಯನ್ನು ಕೂಡುವ ಹೊನಗುಂಟಿಯಲ್ಲಿ, ಚಿಂಚೋಳಿಯ ತಾಂಡಾಗಳಲ್ಲಿ ನಡೆಯಲಿ. ಪರೀಕ್ಷೆಯ ಅರ್ಧ ಅಂಕ ಶಾಸನ ಓದಿದ್ದಕ್ಕೆ, ಇನ್ನರ್ಧ ಅದನ್ನು ಊರಿನವರೆದುರು ಅವರ ಮಾತಿನಲ್ಲಿ ಹೇಳಿದ್ದಕ್ಕೆ ಇರಲಿ. ಸ್ನಾತಕೋತ್ತರ ಮಟ್ಟದಲ್ಲಿ ಇಷ್ಟು ಕಲಿತವರಿಗೆ ಕೆಲಸ ಎಲ್ಲಿದೆ ಎಂದು ಕೇಳುವ ತಂದೆತಾಯಿಗಳ ಪ್ರಶ್ನೆ ನ್ಯಾಯವಾದದ್ದು. ಸಿಮೆಂಟು ಕಾರ್ಖಾನೆಯ ಗೇಟಿನಲ್ಲಿ ಸಿಗುವಷ್ಟು ಬೇಗ ಇಲ್ಲಿ ನೌಕರಿ ಸಿಗುವುದಿಲ್ಲ. ಆದರೆ ಸನ್ನತಿಗೆ ಅಭಿವೃದ್ಧಿ ಪ್ರಾಧಿಕಾರವಿದೆ, ಕಲಬುರಗಿಯಲ್ಲಿ ಸರಕಾರಿ ವಸ್ತುಸಂಗ್ರಹಾಲಯವಿದೆ, ಪ್ರವಾಸೋದ್ಯಮ ಇಲಾಖೆಯಿದೆ, ಬಾನುಲಿಯಿದೆ. ಇವುಗಳಿಗೆಲ್ಲ ಹೇಳಲು ಬಲ್ಲವರು ಬೇಕು. ಆ ಹುದ್ದೆಗಳನ್ನು ಮಂಜೂರು ಮಾಡಿಸುವ ಹೊಣೆ ನಮ್ಮ ಶಾಸಕರದು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯದು.

ನಮ್ಮ ಕೈಯಲ್ಲೇ ಇರುವ ಕೆಲಸವೂ ಒಂದಿದೆ. ಈ ಸಂಚಿಕೆ ತಲುಪುವ ಹಳೆಯ ವಿದ್ಯಾರ್ಥಿಗಳೇ, ನಿಮ್ಮ ಎಂ.ಎ., ಎಂ.ಫಿಲ್. ದಿನಗಳ ಕಿರುಪ್ರಬಂಧದ ಪ್ರತಿ, ಪಡಿಯಚ್ಚು, ಹಾಡು ತುಂಬಿದ ಕ್ಯಾಸೆಟ್ಟು, ಕ್ಷೇತ್ರಕಾರ್ಯದ ನೋಟುಪುಸ್ತಕ ಅಟ್ಟದ ಮೇಲಿದ್ದರೆ ಇಳಿಸಿರಿ. ಒಂದು ಪ್ರತಿಯನ್ನು ನಿಮ್ಮ ವಿಭಾಗದ ಗ್ರಂಥಾಲಯಕ್ಕೆ, ಇನ್ನೊಂದನ್ನು ನೀವು ಅಧ್ಯಯನ ಮಾಡಿದ ಊರಿನ ಶಾಲೆಗೆ ಕೊಡಿರಿ. ಕೊಡುವ ದಿನ ಆ ಊರಿನವರನ್ನು ಕೂಡಿಸಿ, ಅದರಲ್ಲಿ ಏನಿದೆ ಎಂದು ಅರ್ಧ ಗಂಟೆ ಅವರ ಮಾತಿನಲ್ಲೇ ಹೇಳಿ ಬನ್ನಿರಿ.